ಹೊಲ ಮೊದಲು, ಗೋಡೆ ಆಮೇಲೆ

(ಕೊಳ್ಳೇಗಾಲದಲ್ಲಿ ನೀಡಿದ ದತ್ತಿ ಉಪನ್ಯಾಸದ ಮುದ್ರಿತ ರೂಪ)



ಆಫ್ರಿಕಾದ ಹಳ್ಳಿಗಳಲ್ಲಿ ಸುಸ್ಥಿರ ಗ್ರಾಮ ಮತ್ತು ಕೃಷಿ ತರಬೇತಿ ಕೇಂದ್ರಗಳನ್ನು ಹೇಗೆ ಕಟ್ಟುತ್ತಿದ್ದಾರೆ, ಅದರಿಂದ ಕೊಳ್ಳೇಗಾಲ, ಹನೂರು, ಯಳಂದೂರು ಎಂಬ ನಮ್ಮ ಮೂರು ತಾಲ್ಲೂಕುಗಳಿಗೆ ಏನು ಪಾಠ ಎಂಬುದರ ಮೇಲೆ ಮಾತಾಡಬೇಕೆಂದು ಸಂಘಟಕರು ಹೇಳಿದರು. ಆಫ್ರಿಕಾ ಎಂದಾಗ ಸಮುದ್ರದಾಚೆಯ ಮಾತು ಎನಿಸುತ್ತದೆ. ನಾನು ಹನೂರಿನ ಒಂದು ಒಣಹೊಲದಿಂದ ಶುರು ಮಾಡುತ್ತೇನೆ.

ಅಕ್ಕಡಿ ಸಾಲಿನ ಹೊಲವನ್ನು ಇಲ್ಲಿರುವ ಹಿರಿಯರೆಲ್ಲ ಬಲ್ಲಿರಿ. ಮುಂದೆ ಕೂರಿಗೆ, ಅದರಲ್ಲಿ ರಾಗಿ. ಹಿಂದೆ ಹಗ್ಗದಲ್ಲಿ ಕಟ್ಟಿಕೊಂಡ ಬಿದಿರಿನ ಸಡ್ಡೆ. ಸಡ್ಡೆ ಹಿಡಿದ ಹೆಂಗಸಿನ ಮಡಿಲಲ್ಲಿ ಅವರೆ, ಅಲಸಂದೆ, ಹರಳು, ಹುಚ್ಚೆಳ್ಳು, ಜೋಳ, ತೊಗರಿ ಬೆರೆಸಿದ ಬೀಜ. ಕೂರಿಗೆ ನಡೆಯುವ ವೇಗಕ್ಕೆ ಸರಿಯಾಗಿ ಆಕೆಯ ಬೆರಳು ಬೀಜ ಬಿಡಬೇಕು. ಹೆಚ್ಚು ಬಿಟ್ಟರೆ ಗುಂಪಾಗಿ ಹುಟ್ಟುತ್ತವೆ, ಕಮ್ಮಿ ಬಿಟ್ಟರೆ ಸಾಲು ಬೋಳು. ಈಗ ಆ ಹೊಲದ ಬೀಜಗಳ ಊರು ಕೇಳೋಣ. ರಾಗಿ ಹುಟ್ಟಿದ್ದು ಇಥಿಯೋಪಿಯಾ, ಉಗಾಂಡ ಸೀಮೆಯ ಎತ್ತರದ ನೆಲದಲ್ಲಿ. ಜೋಳ ಸುಡಾನ್ ಕಡೆಯದು. ಹುಚ್ಚೆಳ್ಳು ಇಥಿಯೋಪಿಯಾದ್ದು. ಹರಳು ಪೂರ್ವ ಆಫ್ರಿಕಾದ್ದು, ಅಲಸಂದೆ ಆಫ್ರಿಕಾದ್ದೇ. ಅವರೆಯ ಕಾಡುತಳಿಗಳೂ ಅಲ್ಲೇ ಇವೆ. ತೊಗರಿ ಮಾತ್ರ ಈ ನೆಲದ ಮಗು. ಮಾದಪ್ಪ ಸುತ್ತೂರು ಮಠದಲ್ಲಿ ರಾಗಿ ಬೀಸಿದ ಕಥೆಯನ್ನು ಕಂಸಾಳೆಯವರ ಬಾಯಲ್ಲಿ ಕೇಳುತ್ತ ಬೆಳೆದವರು ನಾವು. ಆ ರಾಗಿ ಅದಕ್ಕೂ ಸಾವಿರಾರು ವರ್ಷ ಮೊದಲು ಕಡಲು ದಾಟಿ ಬಂದು, ನಮ್ಮ ದೇವರ ಕೈಯ ಬೀಸುಕಲ್ಲಿಗೂ ಸೇರಿಕೊಂಡಿತು.

ಈ ನೆಂಟಸ್ತನ ಇಷ್ಟಕ್ಕೇ ನಿಲ್ಲಲಿಲ್ಲ. ಮಂಡ್ಯದ ವಿ.ಸಿ. ಫಾರಂನಲ್ಲಿ ದುಡಿದ ಲಕ್ಷ್ಮಣಯ್ಯನವರನ್ನು ನಾಡು ‘ರಾಗಿ ಲಕ್ಷ್ಮಣಯ್ಯ’ ಎಂದೇ ಕರೆಯಿತು. ರಾಗಿಯ ಹೂ ಕಣ್ಣಿಗೆ ಸರಿಯಾಗಿ ಕಾಣದಷ್ಟು ಚಿಕ್ಕದು. ಅಂಥ ಹೂವಿನಲ್ಲಿ ಸಂಕರ ಮಾಡುವುದೇ ದುಸ್ತರ ಎನ್ನುತ್ತಿದ್ದ ಕಾಲದಲ್ಲಿ ಅವರು ಆಫ್ರಿಕಾದ ತಳಿಗಳನ್ನು ನಮ್ಮ ತಳಿಗಳೊಡನೆ ಕೂಡಿಸಿದರು. ಆ ತಳಿಗಳಿಗೆ ‘ಇಂಡಾಫ್’ ಎಂದು ಹೆಸರು. ಇಂಡಿಯಾ ಮತ್ತು ಆಫ್ರಿಕಾ, ಎರಡೂ ಆ ಹೆಸರಿನಲ್ಲೇ ಇವೆ. 1970ರ ದಶಕದಲ್ಲಿ ನಮ್ಮ ಅಪ್ಪಂದಿರು ‘ಇಂಡಾಫ್ ಹಾಕಿದ್ದೀನಿ’ ಎಂದು ಹೆಮ್ಮೆಯಿಂದ ಹೇಳುತ್ತಿದ್ದಾಗ ಅದರ ಅರ್ಧ ನೆಂಟಸ್ತನ ಎಲ್ಲಿಯದೆಂದು ಅವರಿಗೆ ಗೊತ್ತಿರಲಿಲ್ಲ. ಗೊತ್ತಿರಬೇಕಿತ್ತು ಎಂದು ನನಗೆ ಈಗಲೂ ಅನಿಸುತ್ತದೆ. ನಮ್ಮ ತಟ್ಟೆಯ ಮುದ್ದೆ ಅವರದೂ ಹೌದು ಎಂದು ತಿಳಿದವರು ಆ ಜನರನ್ನು ಬಡವರೆಂದು ದೂರದಿಂದ ಮರುಗುವುದಿಲ್ಲ, ಅವರ ಹೊಲಕ್ಕೆ ಹೋಗಿ ಕಲಿಯುತ್ತಾರೆ.

ಕಲಿಯುವುದಕ್ಕೆ ಮೊದಲು ನನ್ನದೊಂದು ತಪ್ಪನ್ನು ನಿಮ್ಮ ಮುಂದಿಡಬೇಕು. ಸುಮಾರು ಇಪ್ಪತ್ತು ವರ್ಷದ ಹಿಂದೆ ಹನೂರು ಕಡೆಯ ಒಂದು ಊರಿನಲ್ಲಿ ರೈತ ತರಬೇತಿ ಕಟ್ಟಡವೊಂದರ ನಕ್ಷೆ ಬರೆಯುವ ಕೆಲಸ ನನಗೆ ಬಂತು. ಹಣ ಹೊರಗಿನದು. ನಾನು ಬೆಂಗಳೂರಿನ ಮೇಜಿನ ಮೇಲೆ ನಕ್ಷೆ ಬರೆದೆ. ಮೊದಲು ಸಭಾಂಗಣ, ಆಮೇಲೆ ಕಚೇರಿ, ಅತಿಥಿ ಕೊಠಡಿ, ಕೊನೆಗೆ ಉಳಿದ ಮೂಲೆಯಲ್ಲಿ ಪ್ರಾತ್ಯಕ್ಷಿಕೆ ತಾಕು. ಕೊಳವೆಬಾವಿ ಕೊರೆಸಿ, ಹನಿ ನೀರಾವರಿ ಹಾಕಿ, ಟೊಮೆಟೊ ಬೆಳೆದು ತೋರಿಸಿದೆವು. ನೋಡಲು ಬಂದ ರೈತರೊಬ್ಬರು ಬದುವಿನ ಮೇಲೆ ಕುಕ್ಕರುಗಾಲಲ್ಲಿ ಕೂತು ಮಣ್ಣು ಹಿಸುಕಿ ನೋಡಿ ಹೇಳಿದರು: ‘ನೀರಿದ್ರ ನಾವೂ ಬೆಳೀತಿದ್ದೋ ಬುದ್ಧಿ. ನೀರಿಲ್ದೆ ಏನ್ ಮಾಡ್ಬೇಕು ಅಂತ ಹೇಳ್ಕೊಡಿ.’ ನನ್ನ ಬಳಿ ಉತ್ತರವಿರಲಿಲ್ಲ. ಮೂರನೇ ಬೇಸಿಗೆಗೆ ಕೊಳವೆಬಾವಿ ಬತ್ತಿತು, ಹಣವೂ ನಿಂತಿತು. ಕಾಂಕ್ರೀಟ್ ಸೂರಿನ ಆ ಸಭಾಂಗಣ ಮಾರ್ಚಿನಿಂದ ಮೇವರೆಗೆ ಕೂರಲಾಗದಷ್ಟು ಕಾಯುತ್ತಿತ್ತು. ಈಗ ಅಲ್ಲಿ ಗೊಬ್ಬರದ ಚೀಲ ಪೇರಿಸಿಡುತ್ತಾರೆ. ಅಂದಿನಿಂದ ನಾನು ಯಾವ ಕೇಂದ್ರದ ವಿಷಯ ಕೇಳಿದರೂ ಮೊದಲು ಹೊಲ ನೋಡುತ್ತೇನೆ.

ಆಫ್ರಿಕಾದ ಬೆನಿನ್ ಎಂಬ ಪುಟ್ಟ ದೇಶದ ಪೋರ್ಟೊ ನೊವೊ ಊರಿನಲ್ಲಿ ಸೊಂಗಾಯ್ ಕೇಂದ್ರವಿದೆ. 1985ರಲ್ಲಿ ಗಾಡ್‌ಫ್ರೆ ಎನ್ಜಮುಜೊ ಎಂಬ ಪಾದ್ರಿ ಅದನ್ನು ಶುರು ಮಾಡಿದರು. ಸರ್ಕಾರ ಕೊಟ್ಟದ್ದು ಒಂದೇ ಹೆಕ್ಟೇರು, ನಮ್ಮ ಲೆಕ್ಕದಲ್ಲಿ ಎರಡೂವರೆ ಎಕರೆ. ಅಲ್ಲಿ ಒಂದರ ಕಸ ಇನ್ನೊಂದರ ತಿನಿಸು. ಕೋಳಿಯ ಹಿಕ್ಕೆ ಮೀನಿನ ಹೊಂಡಕ್ಕೆ, ಹೊಂಡದ ಬಗ್ಗಡ ತರಕಾರಿಗೆ, ತರಕಾರಿಯ ಸಿಪ್ಪೆ ಗೋಬರ್ ಗ್ಯಾಸಿಗೆ. ಹುಡುಗ ಹುಡುಗಿಯರು ಅಲ್ಲೇ ಉಳಿದು, ಕೆಲಸ ಮಾಡುತ್ತ ಕಲಿತು ತಮ್ಮ ಊರಿಗೆ ಮರಳಿ ಸ್ವಂತ ಬೇಸಾಯ ಕಟ್ಟಿಕೊಳ್ಳುತ್ತಾರೆ. ಇದನ್ನು ಕೇಳಿ ಬೆರಗಾಗುವ ಅಗತ್ಯ ಕೊಳ್ಳೇಗಾಲದವರಿಗೆ ಇಲ್ಲ. ಹಿಪ್ಪುನೇರಳೆ ಸೊಪ್ಪು ಹುಳುವಿಗೆ, ಹುಳು ತಿಂದುಳಿದ ಕಡ್ಡಿ ಹಸುವಿಗೆ, ಹುಳುವಿನ ಹಿಕ್ಕೆ ತಿಪ್ಪೆಗೆ, ತಿಪ್ಪೆ ಮತ್ತೆ ಹಿಪ್ಪುನೇರಳೆ ತೋಟಕ್ಕೆ. ಮದರಾಸು ಪ್ರಾಂತ್ಯದ ಕಾಲದಿಂದ ರೇಷ್ಮೆಗೆ ಹೆಸರಾದ ಈ ತಾಲ್ಲೂಕಿನ ಹೆಂಗಸರಿಗೆ ಈ ಸುತ್ತು ಕಣ್ಣು ಮುಚ್ಚಿದರೂ ಗೊತ್ತು. ಸೊಂಗಾಯ್‌ನಲ್ಲಿ ಅದನ್ನು ಪಾಠವಾಗಿಸಿದರು. ನಮ್ಮಲ್ಲಿ ಅದು ಮನೆಗೆಲಸ ಎಂದು ಲೆಕ್ಕದಿಂದಲೇ ಹೊರಗುಳಿಯಿತು.

ನನ್ನ ಮನಸ್ಸಿಗೆ ಇನ್ನೂ ಹತ್ತಿರವಾದವರು ಬುರ್ಕಿನಾ ಫಾಸೊ ದೇಶದ ಯಾಕೂಬಾ ಸವಡೊಗೊ. ಅವರಿಗೆ ಕಟ್ಟಡವೇ ಇರಲಿಲ್ಲ. 1980ರ ಸುಮಾರಿನ ಬರದಲ್ಲಿ ನೆಲ ಹಂಚಿನಂತೆ ಗಟ್ಟಿಯಾಗಿ ಊರವರು ಗುಳೆ ಹೊರಟಾಗ, ಅವರು ಹಳೆಯ ‘ಜಾಯ್’ ಗುಣಿಯ ಪದ್ಧತಿಯನ್ನು ತಿದ್ದಿ ಹಿಗ್ಗಿಸಿದರು. ಬೇಸಿಗೆಯಲ್ಲೇ ಗುಣಿ ತೋಡುವುದು, ಒಳಗೆ ಗೊಬ್ಬರ, ಎಲೆ ತುಂಬುವುದು. ಗೊಬ್ಬರಕ್ಕೆ ಗೆದ್ದಲು ಬಂದು ನೆಲ ಕೊರೆಯುತ್ತದೆ, ಮೊದಲ ಮಳೆಯ ನೀರು ಹರಿದುಹೋಗದೆ ಅಲ್ಲೇ ಇಂಗುತ್ತದೆ, ಅದರಲ್ಲಿ ಸಜ್ಜೆ, ಜೋಳ ಏಳುತ್ತದೆ. ಸುತ್ತಲಿನ ಹಳ್ಳಿಗಳ ರೈತರು ಬೀಜ ಹಿಡಿದು ಅವರ ಅಂಗಳಕ್ಕೆ ಬಂದು, ಬದಲಾಯಿಸಿಕೊಂಡು, ಗುಣಿ ನೋಡಿ ಹೋಗುವ ಸಂತೆಯಂಥ ಕೂಟಗಳನ್ನು ಅವರು ನಡೆಸುತ್ತಿದ್ದರು. ಆ ಅಂಗಳವೇ ತರಬೇತಿ ಕೇಂದ್ರ. 2018ರಲ್ಲಿ ಅವರಿಗೆ ಬಂದ ರೈಟ್ ಲೈವ್ಲಿಹುಡ್ ಪ್ರಶಸ್ತಿ 1994ರಲ್ಲೇ ನಮ್ಮ ಬಿಳಿಗಿರಿರಂಗನ ಬೆಟ್ಟಕ್ಕೆ, ಡಾ. ಎಚ್. ಸುದರ್ಶನ್ ಅವರ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರಕ್ಕೆ ಬಂದಿತ್ತು. ಯಾಕೂಬಾ 2023ರಲ್ಲಿ ತೀರಿಕೊಂಡರು.

ಗುಣಿಯ ಮಾತು ಬಂದಾಗ ಹಾವೇರಿ ಕಡೆಯ ಗುಳಿ ರಾಗಿಯನ್ನು ಬಿಡಲಾರೆ. ಹೊಲದುದ್ದಗಲಕ್ಕೂ ಗೆರೆ ಎಳೆದು, ಗೆರೆ ಕೂಡುವಲ್ಲಿ ಗುಳಿ ಮಾಡಿ, ಒಂದು ಹಿಡಿ ಗೊಬ್ಬರದೊಡನೆ ಎಳೆಯ ಪೈರು ನೆಡುತ್ತಾರೆ. ಬೇರು ಬಿಟ್ಟ ಮೇಲೆ ಅದರ ಮೇಲೆ ಕೊರಡು ಎಳೆಯುತ್ತಾರೆ. ಪೈರು ಬಾಗಿ, ನೊಂದು, ಬುಡದಿಂದ ಹೊಸ ತೆಂಡೆಗಳು ಒಡೆಯುತ್ತವೆ. ಬುರ್ಕಿನಾ ಫಾಸೊದ ರೈತರೂ ಹಾವೇರಿಯ ರೈತರೂ ಒಬ್ಬರನ್ನೊಬ್ಬರು ಕಂಡವರಲ್ಲ, ಆದರೂ ಒಂದು ಹಿಡಿ ಗೊಬ್ಬರವನ್ನು ಎಲ್ಲಿ ಹಾಕಿದರೆ ಸಾರ್ಥಕ ಎಂಬ ಒಂದೇ ಪ್ರಶ್ನೆಗೆ ಒಂದೇ ಬಗೆಯ ಉತ್ತರ ಕಂಡುಕೊಂಡರು.

ಹಾಗಾದರೆ ನಮ್ಮ ಮೂರು ತಾಲ್ಲೂಕಿಗೆ ಒಂದು ಕೇಂದ್ರ ಎಂದರೆ ಎಲ್ಲಿಂದ ಶುರು? ಮಳೆಯಿಂದ. ಈ ಸೀಮೆಯಲ್ಲಿ ವರ್ಷಕ್ಕೆ ಸುಮಾರು 700ರಿಂದ 800 ಮಿಲಿಮೀಟರ್ ಮಳೆ. ಅದು ಎರಡು ಕಂತಿನಲ್ಲಿ ಬರುತ್ತದೆ. ಏಪ್ರಿಲ್, ಮೇನಲ್ಲಿ ಒಂದು, ಚಿತ್ತಾ, ಸ್ವಾತಿಯ ಹೊತ್ತಿಗೆ ಇನ್ನೊಂದು. ಒಂದು ಚದರ ಮೀಟರ್ ಸೂರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. 200 ಚದರ ಮೀಟರ್ ಸೂರಿನ ಮೇಲೆ 750 ಮಿಲಿಮೀಟರ್ ಬಿದ್ದರೆ 1,50,000 ಲೀಟರ್. ಸೋರಿ, ಆವಿಯಾಗಿ ಹೋದದ್ದನ್ನು ಕಳೆದು 1,20,000 ಎಂದಿಟ್ಟುಕೊಳ್ಳಿ. ಕುಡಿಯಲು, ಅಡುಗೆಗೆ ತಲೆಗೆ ಹತ್ತು ಲೀಟರಿನಂತೆ 40 ಜನಕ್ಕೆ ದಿನಕ್ಕೆ 400 ಲೀಟರ್. ಮುನ್ನೂರು ದಿನದ ನೀರು ಸೂರಿನ ಮೇಲೇ ಬೀಳುತ್ತದೆ! ಅಷ್ಟನ್ನೂ ಒಮ್ಮೆಗೇ ಹಿಡಿದಿಡಬೇಕಿಲ್ಲ. ಡಿಸೆಂಬರ್ ನಡುವಿನಿಂದ ಏಪ್ರಿಲ್ ನಡುವಿನವರೆಗಿನ 120 ದಿನ ದಾಟಿದರೆ ಸಾಕು. ಅದಕ್ಕೆ 48,000 ಲೀಟರ್. ಐವತ್ತು ಸಾವಿರ ಲೀಟರಿನ ತೊಟ್ಟಿಯೊಂದನ್ನು ಕಟ್ಟಿದರೆ ಕುಡಿಯುವ ನೀರಿಗೆ ಕೊಳವೆಬಾವಿಯ ಮುಖ ನೋಡಬೇಕಿಲ್ಲ. ಈ ಲೆಕ್ಕವನ್ನು ನಾನು ಆ ಹಳೆಯ ನಕ್ಷೆ ಬರೆಯುವಾಗ ಹಾಕಿರಲಿಲ್ಲ. ಹಾಕಲು ಹತ್ತು ನಿಮಿಷ ಸಾಕಿತ್ತು.

ಯಳಂದೂರಿನವರಿಗೆ ನೀರಿನ ಪಾಠ ಬೇರೆ. ಸುವರ್ಣಾವತಿಯ ಬಯಲು, ಕೆರೆ, ಗದ್ದೆ, ಕಾಲುವೆ. ಅಲ್ಲಿ ಕಲಿಸಬೇಕಾದದ್ದು ನೀರು ಹಂಚುವುದನ್ನು. ತೂಬು ಯಾವಾಗ ಎತ್ತಬೇಕು, ಕೊನೆಯ ಗದ್ದೆಗೆ ಎಷ್ಟು ಹೊತ್ತು ಬಿಡಬೇಕು ಎಂಬುದು ನೀರುಗಂಟಿಗಳ ವಿದ್ಯೆ. ಹಿಂದೆ ಅದಕ್ಕೆ ಊರಿನಲ್ಲಿ ಒಂದು ಸ್ಥಾನವಿತ್ತು, ಕೂಲಿಯಾಗಿ ಭತ್ತವಿತ್ತು. ಯಳಂದೂರಿನ ಪಾಠಕ್ಕೆ ಮೊದಲ ಮೇಷ್ಟರಾಗಿ ಒಬ್ಬ ಹಿರಿಯ ನೀರುಗಂಟಿಯನ್ನು ಕೂರಿಸಬೇಕು, ಸಂಬಳ ಕೊಟ್ಟು ಕೂರಿಸಬೇಕು. ಇದನ್ನು ನಾನು ಒತ್ತಿ ಹೇಳುತ್ತೇನೆ, ಏಕೆಂದರೆ ರೈತರ ಅರಿವನ್ನು ಗೌರವಿಸುತ್ತೇವೆ ಎಂದು ಭಾಷಣ ಮಾಡುವ ಕೇಂದ್ರಗಳೂ ಸಂಬಳದ ಪಟ್ಟಿಯಲ್ಲಿ ರೈತರ ಹೆಸರು ಬರೆಯುವುದಿಲ್ಲ.

ನೀರಾದ ಮೇಲೆ ಒಲೆ. ನಲವತ್ತು ಜನರ ಅಡುಗೆಗೆ ಗೋಬರ್ ಗ್ಯಾಸ್ ಸಾಕೆ? ಒಂದು ರಾಸು ದಿನಕ್ಕೆ ಹತ್ತು ಕಿಲೋ ಸಗಣಿ ಹಾಕುತ್ತದೆ ಎಂದರೂ ಒಬ್ಬರಿಗಿಂತ ತುಸು ಹೆಚ್ಚಿನವರ ಅಡುಗೆಗೆ ಅನಿಲ ಬರುತ್ತದೆ. ನಲವತ್ತು ಜನಕ್ಕೆ ಮೂವತ್ತು ರಾಸು ಕಟ್ಟಬೇಕು. ಅವಕ್ಕೆ ಮೇವು ಎಲ್ಲಿಂದ? ಕುಣಿಗಲ್ ತಾಲ್ಲೂಕಿನ ಪುರ ಎಂಬ ಹಳ್ಳಿಯಲ್ಲಿ ಇದೇ ಪ್ರಶ್ನೆ ಎದ್ದಿತ್ತು. 1974ರಲ್ಲಿ ಅಮೂಲ್ಯ ರೆಡ್ಡಿಯವರು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಶುರು ಮಾಡಿದ ‘ಅಸ್ತ್ರ’ ತಂಡ ಆ ಊರಿಗೆ ಅಡುಗೆ ಅನಿಲ ಕೊಡಲು ಹೊರಟಿತು. ಊರಿನ ಸಗಣಿ ಎಲ್ಲ ಮನೆಯ ಅಡುಗೆಗೆ ಸಾಲುತ್ತಿರಲಿಲ್ಲ. ತಂಡದವರು ಊರವರ ಜೊತೆ ಕೂತು ಕೇಳಿದಾಗ, ಊರಿಗೆ ಬೇಕಿದ್ದದ್ದು ಕುಡಿಯುವ ನೀರು ಎಂದು ಗೊತ್ತಾಯಿತು. ಆಮೇಲೆ ಅನಿಲದಿಂದ ಎಂಜಿನ್ ಓಡಿಸಿ, ವಿದ್ಯುತ್ ಮಾಡಿ, ನೀರೆತ್ತಿ ನಲ್ಲಿಗೆ ಬಿಟ್ಟರು, ಮನೆಗಳಿಗೆ ದೀಪ ಕೊಟ್ಟರು. 1987ರ ಮಾತು ಅದು. ಸಗಣಿ ತಂದ ಮನೆಯವರಿಗೆ ಕಾಸೂ ಸಿಗುತ್ತಿತ್ತು, ಬಗ್ಗಡ ಗೊಬ್ಬರವಾಗಿ ಅವರ ಹೊಲಕ್ಕೇ ಮರಳುತ್ತಿತ್ತು. ತಮ್ಮ ಮೊದಲ ಲೆಕ್ಕ ತಪ್ಪೆಂದು ಕಂಡಾಗ ಊರನ್ನು ದೂರದೆ ಲೆಕ್ಕವನ್ನು ತಿದ್ದಿಕೊಂಡರಲ್ಲ, ಆ ದೊಡ್ಡತನಕ್ಕೆ ನಾನು ತಲೆಬಾಗುತ್ತೇನೆ. ನಮ್ಮ ಕೇಂದ್ರಕ್ಕೆ ನಾಲ್ಕೈದು ರಾಸಿನ ಗ್ಯಾಸು ಕಾಫಿ, ಹಾಲಿಗೆ ಸಾಕು. ಮುದ್ದೆಗೆ, ಸಾರಿಗೆ ಹೊಗೆಕೊಳವೆಯ ಅಸ್ತ್ರ ಒಲೆ, ಬೇಲಿಸಾಲಿನಲ್ಲಿ ಬೆಳೆದ ಸೌದೆ. ಗೋಡೆಗೆ ಅದೇ ತಂಡದವರು ಪಳಗಿಸಿದ ಒತ್ತುಮಣ್ಣಿನ ಇಟ್ಟಿಗೆ. ಹನೂರಿನ ಕೆಮ್ಮಣ್ಣಿಗೆ ಸ್ವಲ್ಪ ಸಿಮೆಂಟ್ ಬೆರೆಸಿದರೆ ಊರಿನ ಗಾರೆಯವರೇ ಒತ್ತಬಲ್ಲರು, ಕೂಲಿ ಊರಲ್ಲೇ ಉಳಿಯುತ್ತದೆ. ಗೋಡೆಯ ವಿಷಯ ಇಷ್ಟು ಸಾಕು.

ಅಡುಗೆಮನೆಯ ವಿಷಯ ಇಷ್ಟಕ್ಕೆ ಸಾಲದು. ಚಿಕ್ಕಲ್ಲೂರು ಜಾತ್ರೆಯ ಪಂಕ್ತಿಸೇವೆಯನ್ನು ನೀವು ಕಂಡಿದ್ದೀರಿ, ಉಂಡಿದ್ದೀರಿ. ಸಿದ್ದಪ್ಪಾಜಿಯ ನೆಲದಲ್ಲಿ ಪಕ್ಕದಲ್ಲಿ ಕೂತವರು ಯಾರೆಂದು ಕೇಳದೆ ಉಣ್ಣುತ್ತೇವೆ. ಜಾತ್ರೆ ಮುಗಿಸಿ ಊರಿಗೆ ಬಂದರೆ ಕೇರಿಯ ಹೆಂಗಸು ಮೇಲಿನ ಬೀದಿಯ ಕಟ್ಟಡದ ಬಾಗಿಲಲ್ಲೇ ನಿಲ್ಲುತ್ತಾಳೆ. ತರಬೇತಿ ಕೇಂದ್ರದ ಜಾಗ ಆರಿಸುವಾಗ ಮಣ್ಣು, ನೀರು, ರಸ್ತೆ ನೋಡುತ್ತಾರೆ. ಕೇರಿಯವರು, ಕಾಡಿನ ಹಟ್ಟಿಗಳಾದ ಪೋಡುಗಳ ಸೋಲಿಗರು ಯಾರ ಮನೆ ಮುಂದೆಯೂ ತಲೆ ತಗ್ಗಿಸದೆ ಅಲ್ಲಿಗೆ ನಡೆದು ಬರಬಹುದೇ ಎಂದು ನೋಡುವುದಿಲ್ಲ. ನಾನೂ ನೋಡಿರಲಿಲ್ಲ. ದಾರಿ ತಪ್ಪಾದರೆ ಒಳಗಿನ ಪಾಠ ಎಷ್ಟೇ ಒಳ್ಳೆಯದಿರಲಿ, ಸಡ್ಡೆ ಹಿಡಿದ ಕೈ ಹೊರಗೇ ಉಳಿಯುತ್ತದೆ. ಒಂದೇ ಒಲೆ, ಒಂದೇ ಪಂಕ್ತಿ, ಸರದಿಯಲ್ಲಿ ಎಲ್ಲರೂ ಅಡುಗೆ. ಇದು ಮೊದಲ ದಿನದಿಂದಲೇ ಇರಬೇಕು.

ಸೋಲಿಗರ ಮಾತು ಬಂತು. ಬಿಳಿಗಿರಿರಂಗನ ಬೆಟ್ಟದಲ್ಲಿ 1981ರಲ್ಲಿ ಗಿರಿಜನ ಕಲ್ಯಾಣ ಕೇಂದ್ರ ಹುಟ್ಟಿದ್ದು ಆರೋಗ್ಯದ ಕೆಲಸದಿಂದ. ಔಷಧಿಯೊಂದೇ ಸಾಲದೆಂದು ಶಾಲೆ ಬಂತು, ಕಸುಬಿನ ತರಬೇತಿ ಬಂತು, ಜೇನು, ನೆಲ್ಲಿಕಾಯಿಯನ್ನು ಪೋಡಿನವರೇ ಸಂಸ್ಕರಿಸಿ ಮಾರುವ ಏರ್ಪಾಡು ಬಂತು. ಆದರೆ 2002ರ ವನ್ಯಜೀವಿ ಕಾಯ್ದೆಯ ತಿದ್ದುಪಡಿಯಾದ ಮೇಲೆ ಅಭಯಾರಣ್ಯದಿಂದ ಕಿರು ಅರಣ್ಯ ಉತ್ಪನ್ನ ತಂದು ಮಾರುವುದಕ್ಕೆ ತಡೆ ಬಿತ್ತು. ಕಲಿತ ಕೈ ಖಾಲಿಯಾಯಿತು. 2011ರಲ್ಲಿ ಅರಣ್ಯ ಹಕ್ಕು ಕಾಯ್ದೆಯಡಿ ಸೋಲಿಗರ ಗ್ರಾಮಸಭೆಗಳಿಗೆ ಸಮುದಾಯ ಹಕ್ಕು ಸಿಕ್ಕಿತು. ಹುಲಿ ಸಂರಕ್ಷಿತ ಪ್ರದೇಶವೊಂದರಲ್ಲಿ ಅದು ದೇಶಕ್ಕೇ ಮೊದಲು. ಆದ್ದರಿಂದ ನಮ್ಮ ಕೇಂದ್ರದಲ್ಲಿ ಪಹಣಿ ಓದುವುದು, ಹಕ್ಕುಪತ್ರಕ್ಕೆ ಅರ್ಜಿ ಬರೆಯುವುದು, ಗ್ರಾಮಸಭೆ ನಡೆಸುವುದು, ಇವೂ ಬೇಸಾಯದ ಪಾಠಗಳೇ. ಹೊಲದಲ್ಲಿ ಹೆಚ್ಚಿನ ಹೊತ್ತು ಬೆನ್ನು ಬಗ್ಗಿಸುವ ಹೆಂಗಸಿನ ಹೆಸರು ಪಹಣಿಯಲ್ಲಿ ಇದೆಯೇ ಎಂದು ಮೊದಲ ವಾರದಲ್ಲೇ ತೆಗೆದು ನೋಡಿಸಬೇಕು.

ಆನೆಯನ್ನು ಮರೆತು ಇಲ್ಲಿ ಯಾರೂ ಬೇಸಾಯ ಹೇಳಿಕೊಡಲಾರರು. ಬಿಳಿಗಿರಿ, ಮಲೆ ಮಹದೇಶ್ವರ, ಕಾವೇರಿ, ಮೂರು ಕಾಡುಗಳ ಅಂಚಿನಲ್ಲಿ ನಾವಿದ್ದೇವೆ. ರಾಗಿ ತೆನೆ ಕಟ್ಟುವಾಗ ಅಟ್ಟಣೆಯ ಮೇಲೆ ರಾತ್ರಿ ಕಳೆಯುವವನಿಗೆ ಹಗಲು ತರಗತಿಯಲ್ಲಿ ಕಣ್ಣು ಬಿಡಲಾಗುವುದಿಲ್ಲ. ಆ ತಿಂಗಳುಗಳಲ್ಲಿ ತರಗತಿ ಬೇಡ. ಕಲಿಕೆಯ ವರ್ಷ ಬೇಸಾಯದ ವರ್ಷದ ಹಿಂದೆ ನಡೆಯಲಿ.

ಬೀಜದ ಮನೆಯನ್ನು ಕೊನೆಗೆಂದು ಉಳಿಸಿಕೊಂಡಿದ್ದೇನೆ. ನಾನು ಚಿಕ್ಕವನಿದ್ದಾಗ ನಮ್ಮ ಮನೆಯ ಮುಂದೆ ಹಗೇವು ಇತ್ತು. ಬಾಯಿ ಒಂದು ಆಳು ಇಳಿಯುವಷ್ಟು, ಒಳಗೆ ಕೊಪ್ಪರಿಗೆಯಂತೆ ಅಗಲ. ಹುಲ್ಲು ಹೊದಿಸಿ, ರಾಗಿ ತುಂಬಿ, ಚಪ್ಪಡಿ ಎಳೆದು, ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಹುಳ ಬೀಳುತ್ತಿರಲಿಲ್ಲ. ತೆಗೆಯುವ ದಿನ ಅಜ್ಜಿ ಬೆಳಗ್ಗೆಯೇ ಚಪ್ಪಡಿ ಸರಿಸಿಡುತ್ತಿದ್ದಳು. ಮಧ್ಯಾಹ್ನ ಹಗ್ಗಕ್ಕೆ ಲಾಟೀನು ಕಟ್ಟಿ ಮೆಲ್ಲಗೆ ಇಳಿಬಿಟ್ಟು ನೋಡುತ್ತಿದ್ದಳು. ‘ದೀಪ ಆರೋದ್ರ ಇಳೀಬ್ಯಾಡ ಕೂಸೇ, ಒಳ್ಗ ಉಸುರಿಲ್ಲ ಅಂತ ಅದೇ ಹೇಳ್ತದ’ ಎನ್ನುತ್ತಿದ್ದಳು. ರಾಗಿ ಉಸಿರಾಡಿ ಒಳಗಿನ ಪ್ರಾಣವಾಯುವನ್ನು ಮುಗಿಸುತ್ತದೆ, ಅದಕ್ಕೇ ಹುಳವೂ ಬದುಕದು, ಮನುಷ್ಯನೂ ಬದುಕನು ಎಂದು ನಾನು ಕಾಲೇಜಿನಲ್ಲಿ ಓದಿದೆ. ಅಜ್ಜಿ ಅದನ್ನು ಲಾಟೀನಿನಲ್ಲಿ ಓದಿದ್ದಳು. ಬಿತ್ತನೆಯ ರಾಗಿ ಮಾತ್ರ ಹಗೇವಿಗೆ ಹೋಗುತ್ತಿರಲಿಲ್ಲ. ಅದಕ್ಕೆ ಬೇರೆ ಗಡಿಗೆ, ಬೂದಿ, ಬೇವಿನ ಸೊಪ್ಪು, ಒಲೆಯ ಮೇಲಿನ ಅಟ್ಟ. ಉಣ್ಣುವ ಕಾಳಿಗೂ ಹುಟ್ಟುವ ಕಾಳಿಗೂ ಬೇರೆ ಬೇರೆ ಮನೆ.

ಹುಟ್ಟುವ ಕಾಳಿನ ಅಂಥದೊಂದು ಮನೆಯಾಗಿ ಇದೇ ಜಿಲ್ಲೆಯ ಹೊಂಡರಬಾಳಿನಲ್ಲಿ ರೈತಸಂಘದವರು ಕಟ್ಟಿದ ಅಮೃತಭೂಮಿ ಇದೆ. ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರು ಕಂಡ ಕನಸು ಅದು. 2004ರಲ್ಲಿ ಅವರು ಹೋದ ಮೇಲೂ ಸಂಗಾತಿಗಳು ಬಿಡದೆ ನಡೆಸಿಕೊಂಡು ಬಂದರು. ದೇಸಿ ಬೀಜ ಉಳಿಸುವುದು, ನೈಸರ್ಗಿಕ ಕೃಷಿ ಕಲಿಸುವುದು ಅಲ್ಲಿನ ಕೆಲಸ. ಲಾ ವಿಯಾ ಕಂಪೆಸಿನಾ ಎಂಬ ಜಗತ್ತಿನ ರೈತರ ಒಕ್ಕೂಟದ ಕಲಿಕಾ ಕೇಂದ್ರಗಳಲ್ಲಿ ಅದೂ ಒಂದು. ಜಿಂಬಾಬ್ವೆಯ ಶಾಶೆ ಎಂಬಲ್ಲಿ ಸಣ್ಣ ರೈತರು ತಮ್ಮ ಹೊಲಗಳಲ್ಲೇ ನಡೆಸುವ ಶಾಲೆಯೂ ಅದೇ ಬಳಗದ್ದು. 2013ರಿಂದ ಕೆಲವು ವರ್ಷ ಆ ಒಕ್ಕೂಟವನ್ನು ಮುನ್ನಡೆಸಿದವರು ಜಿಂಬಾಬ್ವೆಯ ರೈತ ಮಹಿಳೆ ಎಲಿಜಬೆತ್ ಎಂಪೋಫು. ಅಂದರೆ ನಮ್ಮ ಜಿಲ್ಲೆಗೂ ಆಫ್ರಿಕಾದ ರೈತರಿಗೂ ದಾರಿ ಆಗಲೇ ಇದೆ. ಹರದನಹಳ್ಳಿಯಲ್ಲಿ ಕೃಷಿ ವಿಜ್ಞಾನ ಕೇಂದ್ರವೂ ಇದೆ. ಎಂಟು ಸಾಲು ರಾಗಿಗೆ ಎರಡು ಸಾಲು ತೊಗರಿ ಎಂದು ಕೃಷಿ ವಿಶ್ವವಿದ್ಯಾಲಯ ಶಿಫಾರಸು ಮಾಡುವುದು ಅಕ್ಕಡಿಯದೇ ಒಂದು ರೂಪವನ್ನು.

ಕೊಳ್ಳೇಗಾಲಕ್ಕೆ ಕಚೇರಿ ಎಂದೂ ದೂರವೇ. 1956ರವರೆಗೆ ಕೊಯಮತ್ತೂರು, ಆಮೇಲೆ ಮೈಸೂರು, 1997ರಿಂದ ಚಾಮರಾಜನಗರ. ತರಬೇತಿಯೂ ಹಾಗೆಯೇ ದೂರದಿಂದ ಬರುತ್ತಿತ್ತು, ಸಂಜೆಯ ಬಸ್ಸಿಗೆ ಮರಳಿ ಹೋಗುತ್ತಿತ್ತು. ಈ ಸಲ ನಾವೇ ಶುರು ಮಾಡೋಣ. ಕಟ್ಟಡ ಇಲ್ಲದೆ ಶುರು ಮಾಡೋಣ. ಹನೂರು ಕಡೆಯ ಒಬ್ಬರು ರೈತರು ಎರಡು ಎಕರೆ ಒಣಹೊಲವನ್ನು ಒಂದು ವರ್ಷದ ಮಟ್ಟಿಗೆ ಕಲಿಯುವವರಿಗೆ ಬಿಡಲು ಒಪ್ಪಿದ್ದಾರೆ. ಒಂದು ಎಕರೆ ಅಕ್ಕಡಿ, ಅರ್ಧ ಎಕರೆ ಗುಳಿ ರಾಗಿ, ಉಳಿದರ್ಧದಲ್ಲಿ ಯಾಕೂಬಾ ಅವರ ಗುಣಿ. ಬೇಸಿಗೆಯಲ್ಲೇ ಗುಣಿ ತೋಡಬೇಕು. ಹತ್ತು ಜನ ಹುಡುಗ ಹುಡುಗಿಯರು ಬರುತ್ತೇವೆ ಎಂದಿದ್ದಾರೆ. ಬೀಜ ಹೊಂದಿಸಿದ್ದೇವೆ. ಹೊಂದದೆ ಉಳಿದದ್ದು ಒಂದೇ: ನಾವು ಸುತ್ತಾಡಿದ ಊರುಗಳಲ್ಲಿ ಕೂರಿಗೆಗಳು ಸಿಕ್ಕವು, ಸಡ್ಡೆ ಸಿಗಲಿಲ್ಲ, ಸಡ್ಡೆ ಹಿಡಿಯಬಲ್ಲವರು ಇಬ್ಬರೇ ಸಿಕ್ಕರು, ಇಬ್ಬರಿಗೂ ಎಪ್ಪತ್ತು ದಾಟಿದೆ. ಈ ಸಭೆಯಲ್ಲಿರುವ ಯಾರ ಮನೆಯ ಅಟ್ಟದ ಮೇಲಾದರೂ ಬಿದಿರಿನ ಸಡ್ಡೆ ಇದ್ದರೆ, ಒಡೆದಿದ್ದರೂ ಸರಿ, ಊಟಕ್ಕೆ ಏಳುವ ಮುಂಚೆ ನನಗೆ ಊರಿನ ಹೆಸರು ಹೇಳಿ. ಸಡ್ಡೆ ಬಿಟ್ಟು ಗೊತ್ತಿರುವ ಅಜ್ಜಿ ಮನೆಯಲ್ಲಿದ್ದರೆ ಅದನ್ನೂ ಹೇಳಿ. ನಾಳೆ ಬೆಳಗಿನ ಬಸ್ಸಿಗೆ ನಾನೇ ಬರುತ್ತೇನೆ.